ಕಮಾನು ಮುರಿದುದೂ ಕೋಡಿ ಕಂಡುದೂ

ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು: 2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಹಿರಿಯೂರು ತಾಲ್ಲೂಕಿನ ವಾಣೀವಿಲಾಸ ಸಾಗರವು ತುಂಬಿ ಕೋಡಿ ಬಿದ್ದಿತು. ಅದಕ್ಕೆ ಹಿಂದೆ ಅದು ಕೋಡಿ ಹರಿದುದು 1933ರಲ್ಲಿ. ಆ ವರ್ಷ ಹನ್ನೆರಡರ ಬಾಲಕರಾಗಿದ್ದ ನಮ್ಮ ತಂದೆಯವರು ತಮ್ಮ ಅಜ್ಜನೊಡನೆ ಎತ್ತಿನ ಗಾಡಿಯಲ್ಲಿ ಹೋಗಿ ಆ ನೀರನ್ನು ನೋಡಿ ಬಂದಿದ್ದರು. ಕೊನೆಯ ದಿನಗಳವರೆಗೂ ಅದನ್ನು ಬಣ್ಣಿಸುತ್ತಿದ್ದರು. ಎಂಬತ್ತೊಂಬತ್ತು ವರ್ಷಗಳ ಮೇಲೆ ಮತ್ತೆ ಆ ವರ್ತಮಾನವು ಬಂದಾಗ, ಹೊಸದುರ್ಗದಲ್ಲಿ ಹಿರಿಯ ಮಗನ ಮನೆಯಲ್ಲಿರುವ ನಮ್ಮಕ್ಕನವರು ದೂರವಾಣಿಯಲ್ಲಿ ಹೇಳಿದುದು ಒಂದೇ ಮಾತು: “ಅಪ್ಪ ಕಂಡದ್ದನ್ನ ನಾನೂ ಕಾಣಬೇಕು ಕಣೋ ತಮ್ಮ.”

ತಾಯಿಯಿಲ್ಲದ ನಮ್ಮನ್ನು ಎತ್ತಿ ಆಡಿಸಿ ಸಾಕಿದವರು ಅವರು. ಆಗ ಅವರಿಗೆ ಎಪ್ಪತ್ತಾರು ವರ್ಷ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾಗಿದ್ದಿತು. ತಗ್ಗಿನ ಕಾರಿನಲ್ಲಿ ಕುಳಿತೇಳುವುದು ಅವರಿಂದಾಗದು. ಅವರ ಕಿರಿಯ ಮಗ, ನಮ್ಮ ಸೋದರಳಿಯ, ಹೊಳಲ್ಕೆರೆಯ ಬಳಿ ಅಡಕೆಯ ತೋಟ ಮಾಡಿಕೊಂಡಿದ್ದಾನೆ. ಅವನಲ್ಲಿ ಒಂದು ಹಳೆಯ ಜೀಪುಂಟು. ಅದರ ಆಸನ ಎತ್ತರ. “ಮಣೆಯೊಂದನ್ನು ಹಾಕಿ ಹತ್ತಿಸಿದರೆ ಆಯಿತು ಮಾವ, ನಾನು ಕರೆದುಕೊಂಡು ಹೋಗುತ್ತೇನೆ” ಎಂದನು. ದುರ್ಗದಿಂದ ಹಿರಿಯೂರಿಗೆ ಹೆದ್ದಾರಿಯು ನೆಟ್ಟಗಿದ್ದರೂ, ಜೀಪು ಒಂದೂರಿನಲ್ಲಿ ಅಕ್ಕ ಒಂದೂರಿನಲ್ಲಿ ಆದುದರಿಂದ, ನಾವು ನಾಲ್ಕು ಊರುಗಳನ್ನು ಸುತ್ತಿ ಬರಬೇಕಾಯಿತು.

ಮುಂಜಾನೆ ಚಿತ್ರದುರ್ಗದಿಂದ ಬಸ್ಸಿನಲ್ಲಿ ಹೊರಟೆವು. ಏಳು ಸುತ್ತಿನ ಕೋಟೆಯ ಬಂಡೆಗಳು ಮಳೆಯಲ್ಲಿ ಮಿಂದು ಕಪ್ಪಾಗಿ ಹೊಳೆಯುತ್ತಿದ್ದುವು; ದೂರದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದುವು. ಬರದ ಸೀಮೆಯೆಂದು ಹೆಸರಾದ ಈ ನೆಲದಲ್ಲಿ ಆ ದಿನ ಹಳ್ಳಕೊಳ್ಳಗಳೆಲ್ಲ ಮಾತನಾಡುತ್ತಿದ್ದುವು. ಹೊಳಲ್ಕೆರೆಯಲ್ಲಿ ಇಳಿದು, ಸೂರಿಲ್ಲದೆ ಬಯಲಲ್ಲಿಯೇ ಕುಳಿತ ಗಣಪತಿಗೆ ಕೈ ಮುಗಿದು, ಜೀಪನ್ನು ಏರಿದೆವು.

1941ರ ಸುಮಾರಿಗೆ ಅಮೆರಿಕದವರು ಯುದ್ಧಕ್ಕೆಂದು ನಿರ್ಮಿಸಿದ ಈ ವಾಹನವನ್ನು ನಮ್ಮ ದೇಶದಲ್ಲಿ 1947ರಿಂದ ಮಹೀಂದ್ರ ಕಂಪೆನಿಯವರು ಜೋಡಿಸತೊಡಗಿದರು. ಹಳೆಯ ಜೀಪುಗಳಲ್ಲಿ ಹಿಂದಿನ ಅಚ್ಚಿಗೆ ಮಾತ್ರವಲ್ಲ, ಮುಂದಿನ ಅಚ್ಚಿಗೂ ಕಮಾನುಪಟ್ಟಿಗಳೇ ಆಧಾರ. ಉದ್ದದ ಪಟ್ಟಿ ಮೇಲೆ, ಅದರ ಕೆಳಗೆ ಅದಕ್ಕಿಂತ ಗಿಡ್ಡದು, ಮತ್ತೂ ಗಿಡ್ಡದು, ಹೀಗೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ನಡುವೆ ಬಿಗಿದಿರುತ್ತಾರೆ. ಗ್ಯಾರೇಜಿನವರ ಮಾತಿನಲ್ಲಿ ಇವು ‘ಪ್ಲೇಟು’ಗಳು. ನಮ್ಮ ಹಿರಿಯರ ಕಮಾನುಗಾಡಿಗೂ ಇವುಗಳಿಂದಲೇ ಆ ಹೆಸರು.

ಅಳಿಯನು ಹಿಂದಿನ ವರ್ಷ ಇದಕ್ಕೊಂದು ಸುಧಾರಣೆ ಮಾಡಿದ್ದನು. ತೋಟದ ಬದುಗಳಿಗೆ ಮುಂದಿನ ಅಚ್ಚು ತಗಲುತ್ತದೆಂದು, ಲಾರಿಯ ದಪ್ಪ ಪ್ಲೇಟುಗಳನ್ನು ತುಂಡುಮಾಡಿಸಿ ಒಂದೊಂದು ಪಕ್ಕಕ್ಕೂ ಎರಡೆರಡು ಸೇರಿಸಿದ್ದನು. “ನಾಲ್ಕು ಬೆರಳು ಮೇಲೆದ್ದಿದೆ ನೋಡಿ ಮಾವ” ಎಂದು ಹೆಮ್ಮೆಯಿಂದ ತೋರಿಸಿದನು. ಮೇಲೆದ್ದುದು ನಿಜ, ಆದರೆ ಹೊಸದುರ್ಗದ ದಾರಿಯಲ್ಲಿ ಮಳೆಗೆ ಕಿತ್ತ ಒಂದೊಂದು ಗುಂಡಿಯೂ ನಮ್ಮ ಬೆನ್ನುಹುರಿಗೆ ನೇರವಾಗಿ ವರದಿಯಾಗುತ್ತಿದ್ದಿತು. ಅರವತ್ತು ವರ್ಷದ ನಮ್ಮ ಗತಿಯೇ ಹೀಗಾದರೆ ಅಕ್ಕನ ಸೊಂಟದ ಗತಿಯೇನು ಎಂಬ ಚಿಂತೆಯು ಹತ್ತಿತು. ಬಾಯಿಬಿಟ್ಟು ಹೇಳಬೇಕೆನ್ನುವಷ್ಟರಲ್ಲಿ, ಹೊಸದುರ್ಗದ ಅಂಚಿನಲ್ಲಿ ‘ಟಣ್’ ಎಂಬ ಶಬ್ದವಾಗಿ ಜೀಪು ಎಡಕ್ಕೆ ವಾಲಿ, ಎಡಕ್ಕೇ ಎಳೆಯತೊಡಗಿತು.

ಮೆಲ್ಲನೆ ಒಂದು ಗ್ಯಾರೇಜಿಗೆ ತಂದೆವು. ಅಲ್ಲಿನ ಮೇಸ್ತ್ರಿಯು ನಮ್ಮ ವಯಸ್ಸಿನವನೇ. ಕೆಳಗೆ ಬಗ್ಗಿ ನೋಡಿ, “ಮೈನ್ ಪ್ಲೇಟೇ ಕಟ್ಟಾಗಿದೆ” ಎಂದನು. ಎಲ್ಲಕ್ಕೂ ಮೇಲಿನ ಪಟ್ಟಿಯ ಎರಡು ತುದಿಗಳನ್ನೂ ಸುರುಳಿ ಸುತ್ತಿ ಚಾಸಿಗೆ ತೊಡಿಸಿರುತ್ತಾರೆ. ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದು ಅದೇ. ಅದು ತುಂಡಾದರೆ ಅಚ್ಚು ಹಿಂದುಮುಂದಾಗಿ ಚಕ್ರವು ಚಾಲಕನ ಮಾತು ಕೇಳದು.

ಅಳಿಯನಿಗೆ ಆತುರ. “ವೆಲ್ಡಿಂಗ್ ಮಾಡಿಕೊಡಿ, ಇವತ್ತೊಂದು ದಿನ ಓಡಿದರೆ ಸಾಕು” ಎಂದನು.

ಮೇಸ್ತ್ರಿಯು ನಮ್ಮ ಕಡೆಗೆ ತಿರುಗಿ, “ಮೇಷ್ಟ್ರೇ, ಕಾಯಿಸಿದರೆ ಉಕ್ಕಿನ ಹದ ಹೋಗುತ್ತೆ. ಬೆಸುಗೆ ನಿಂತರೂ ಅದರ ಪಕ್ಕದಲ್ಲೇ ಮುರಿಯುತ್ತೆ. ಗಾಡಿಯಲ್ಲಿ ಯಾರು ಕೂರ್ತಾರೆ?” ಎಂದು ಕೇಳಿದನು. ಹೇಳಿದೆವು. ಅವನು ಮತ್ತೆ ಮಾತನಾಡಲಿಲ್ಲ; ಜಾಕಿಯನ್ನು ತರಿಸಿದನು.

ಪಟ್ಟಿಗಳನ್ನು ಬಿಚ್ಚಿ ನೆಲದಲ್ಲಿ ಸಾಲಾಗಿ ಇಟ್ಟಾಗ ಕಾರಣವು ಕಣ್ಣಿಗೇ ಕಂಡಿತು. ಲಾರಿಯ ಪಟ್ಟಿಯ ದಪ್ಪವು ಜೀಪಿನದಕ್ಕಿಂತ ಹೆಚ್ಚುಕಡಮೆ ಎರಡರಷ್ಟು. ದಪ್ಪ ಎರಡರಷ್ಟಾದರೆ ಬಾಗಿಸಲು ಬೇಕಾದ ಬಲವು ಎಂಟರಷ್ಟೆಂಬುದು ಲೆಕ್ಕ. “ಇದು ತಾನೂ ಬಾಗೊಲ್ಲ, ಪಕ್ಕದ್ದನ್ನ ಬಾಗೋಕೂ ಬಿಡೊಲ್ಲ. ಇದರ ತುದಿ ಮುಗಿಯೋ ಕಡೆ ಎಲ್ಲ ಪೆಟ್ಟೂ ಆ ತೆಳು ಪ್ಲೇಟಿನ ಮೇಲೇ ಬೀಳುತ್ತೆ” ಎಂದು ಮೇಸ್ತ್ರಿ ಬೆರಳಿಟ್ಟು ತೋರಿಸಿದನು. ಮುರಿದುದು ಸರಿಯಾಗಿ ಅಲ್ಲಿಯೇ.

ನಮ್ಮ ತರ್ಕಶಾಸ್ತ್ರದಲ್ಲಿ ಸಂಸ್ಕಾರವೆಂಬ ಗುಣವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ಹೇಳಿದೆ. ಬಾಗಿಸಿದ ವಸ್ತುವನ್ನು ಮರಳಿ ಮೊದಲಿನ ನೆಲೆಗೆ ತರುವುದು ಸ್ಥಿತಿಸ್ಥಾಪಕ. ಸುತ್ತಿಟ್ಟ ಚಾಪೆಯು ಅದಕ್ಕೆ ಉದಾಹರಣೆ. ತರ್ಕಸಂಗ್ರಹವನ್ನು ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದ ನಾವು, ಬಾಗುವುದು ದೌರ್ಬಲ್ಯವಲ್ಲ, ಮರಳಿ ಬರುವ ಶಕ್ತಿಯ ಅರ್ಧಭಾಗ ಎಂಬುದನ್ನು ಅರಿತುದು ಆ ಎಣ್ಣೆ ಮಸಿಯ ನೆಲದ ಮೇಲೆ.

ಹಳೆಯ ಜೀಪೊಂದರಿಂದ ಬಿಚ್ಚಿಟ್ಟಿದ್ದ ಮೈನ್ ಪ್ಲೇಟೊಂದನ್ನು ಹುಡುಕಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಬಿರುಕಿಲ್ಲದ ನಾದವನ್ನು ಕೇಳಿದ ಮೇಲೆ ಅದನ್ನು ಆರಿಸಿದನು. ಮುರಿದುದು ಎಡಗಡೆಯಾದರೂ ಬಲಗಡೆಯದನ್ನೂ ಬಿಚ್ಚಿ ದಪ್ಪ ಪಟ್ಟಿಗಳನ್ನು ತೆಗೆದನು. ಒಂದೇ ಪಕ್ಕವನ್ನು ತಿದ್ದಿದರೆ ಗಾಡಿ ವಾಲುವುದಷ್ಟೆ. ತುಕ್ಕನ್ನು ಉಜ್ಜಿ, ಪಟ್ಟಿಗಳ ನಡುವೆ ಗ್ರೀಸು ಸವರಿ, ಸವೆದ ಬುಶ್‌ಗಳನ್ನು ಬದಲಿಸಿ, ಯು ಬೋಲ್ಟುಗಳನ್ನು ಹೊಸದಾಗಿ ಹಾಕಿದನು. ಚಕ್ರಗಳು ನೆಲ ಮುಟ್ಟಿ ಗಾಡಿಯ ಭಾರವೆಲ್ಲ ಕಮಾನಿನ ಮೇಲೆ ಇಳಿದ ತರುವಾಯವೇ ಕೊನೆಯ ಬಿಗಿ. “ಹಿರಿಯೂರು ಮುಟ್ಟಿದ ಮೇಲೆ ಇನ್ನೊಂದು ಸಲ ಬಿಗಿಸಿ” ಎಂದು ಅಳಿಯನ ಕೈಗೆ ಪಾನಾ ಕೊಟ್ಟು ಎಚ್ಚರಿಸಿದನು. ಜೀಪು ನಾಲ್ಕು ಬೆರಳು ತಗ್ಗಿದ್ದಿತು. ಅಳಿಯನ ಮುಖವೂ ಅಷ್ಟೇ ತಗ್ಗಿದ್ದಿತು.

ಮಧ್ಯಾಹ್ನ ಮೂರಕ್ಕೆ ಅಕ್ಕನನ್ನು ಮಣೆಯ ಮೇಲೆ ನಿಲ್ಲಿಸಿ ಹತ್ತಿಸಿದೆವು. ಅವರು ಬೆಳಗ್ಗೆಯೇ ಸೀರೆಯುಟ್ಟು ಬುತ್ತಿ ಕಟ್ಟಿ ಕುಳಿತಿದ್ದರಂತೆ. ದಾರಿಯುದ್ದಕ್ಕೂ ನಾವು ರಸ್ತೆಯನ್ನು ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆವು. ಮೊದಲ ಗುಂಡಿಯಲ್ಲಿ ಅವರು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಹತ್ತನೆಯದರಲ್ಲಿ ಕೈ ಸಡಿಲಿದ್ದಿತು. ಆಮೇಲೆ ತೆಂಗಿನ ತೋಟಗಳನ್ನು ತೋರಿಸಿ ಯಾರ ಯಾರದೆಂದು ಹೇಳತೊಡಗಿದರು.

ವೇದಾವತಿಯ ಹಾದಿಯಲ್ಲಿ ಎರಡು ಗುಡ್ಡಗಳ ನಡುವಣ ಮಾರಿಕಣಿವೆಗೆ ಅಡ್ಡಲಾಗಿ 1898ರಲ್ಲಿ ತೊಡಗಿ 1907ರಲ್ಲಿ ಮುಗಿಸಿದ ಕಟ್ಟೆಯದು. ಮೈಸೂರಿನ ರಾಜಮಾತೆ ವಾಣೀವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತಿದೆ. ನೀರು 130 ಅಡಿ ಮುಟ್ಟಿದರೆ ಹೆಚ್ಚಿನದು ಕೋಡಿಯಲ್ಲಿ ಹೊರಬೀಳುತ್ತದೆ. ಸಂಜೆಯ ಬಿಸಿಲಲ್ಲಿ ಆ ನೀರು ಬೆಳ್ಳಗೆ ಇಳಿಯುತ್ತಿದ್ದಿತು. ಅಷ್ಟು ಭಾರವನ್ನು ತಡೆದು ನಿಂತ ಕಲ್ಲಿನ ಕಟ್ಟೆಯೂ, ತುಂಬಿದ ಮೇಲೆ ಒಂದು ಕಡೆ ದಾರಿ ಬಿಡುವುದರಿಂದಲೇ ನೂರು ವರ್ಷ ದಾಟಿ ನಿಂತಿದೆ. ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ಅಪ್ಪ ಹೇಳಿದ್ದು ಕಡಿಮೆಯೇ ಆಯಿತು ಕಣೋ” ಎಂದರು.

ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ದರ್ಶನ ಮಾಡಿಸಿದೆವು. ಗುಡಿಯ ಹೊರಗೆ ಅಳಿಯನು ಜೀಪಿನಡಿ ಮಲಗಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದನು.

ಮರುವರ್ಷ ಅಕ್ಕ ತೀರಿಕೊಂಡರು. 2025ರ ಜನವರಿಯಲ್ಲಿ ಸಾಗರವು ಮತ್ತೆ ಕೋಡಿ ಬಿದ್ದಾಗ ಅದೇ ಜೀಪಿನಲ್ಲಿ ನಾವಿಬ್ಬರೇ ಹೋಗಿ ಬಂದೆವು. ಮಣೆಯು ಹಿಂದಿನ ಆಸನದ ಕೆಳಗೆ ಹಾಗೆಯೇ ಇದ್ದಿತು. ಆ ದಪ್ಪ ಪಟ್ಟಿಗಳನ್ನು ಅಳಿಯನು ಕಮ್ಮಾರನಿಗೆ ಕೊಟ್ಟು ಮಚ್ಚು ಮಾಡಿಸಿದ್ದಾನೆ. ತೋಟದ ಕೆಲಸಕ್ಕೆ ಬಹಳ ಚೆನ್ನಾಗಿವೆಯಂತೆ.