ಕೇಳಿದ ಮೇಲೆ ಉತ್ತರವೂ ಬೇಕು

ಮಕ್ಕಳಿಗಾಗಿ ಶಾಲೆ, ಅಂಗನವಾಡಿ, ಹಾಸ್ಟೆಲುಗಳನ್ನು ಕಟ್ಟುತ್ತೇವೆ. ಅವು ಹೇಗಿರಬೇಕೆಂದು ಮಕ್ಕಳನ್ನೇ ಕೇಳುವ ರೂಢಿ ಮಾತ್ರ ನಮ್ಮಲ್ಲಿ ಕಡಿಮೆ. ಮನೆಯಲ್ಲಿಯೂ ಅಷ್ಟೆ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದು ಗದರಿಸುತ್ತೇವೆ. ಆದರೆ ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ.

ಕರ್ನಾಟಕಕ್ಕೆ ಇದು ಹೊಸದಲ್ಲ. ದುಡಿಯುವ ಮಕ್ಕಳ ಭೀಮಸಂಘ ಮತ್ತು 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಪ್ರಯತ್ನದಿಂದ ತೊಂಬತ್ತರ ದಶಕದಲ್ಲಿಯೇ ಕುಂದಾಪುರ ಸೀಮೆಯ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿಗಳು ನಡೆದವು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕೆಂದು ಮಕ್ಕಳೇ ಹೇಳಿದರು. ನಿತ್ಯ ಹಳ್ಳ ದಾಟುವವರಿಗಲ್ಲದೆ ಅದು ಇನ್ನಾರಿಗೆ ತಿಳಿದೀತು? 2006ರಲ್ಲಿ ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರ ಸೂಚಿಸಿತು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ಇಂಥ ಕೆಲವು ಸಭೆಗಳಲ್ಲಿ ನಾನು ಕೂತಿದ್ದೇನೆ. ಸ್ವಾಗತ, ಹಾರ, ಭಾಷಣ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಒಂದು ಕಡೆ ಏಳನೆಯ ತರಗತಿಯ ಹುಡುಗಿ ಎದ್ದು ನಿಂತು, "ಸರ್, ನಮ್ಮ ಸಾಲ್ಯಾಗ ಸಂಡಾಸ ಐತ್ರಿ. ಕೀಲಿ ಹಾಕ್ಯಾರ್ರಿ. ಹೊಸಾದು ಬ್ಯಾಡ್ರಿ, ಕೀಲಿ ತಗಸ್ರಿ, ನೀರು ಬಿಡಸ್ರಿ" ಎಂದಳು. ಕಡತದಲ್ಲಿ ಆ ಶಾಲೆಗೆ ಶೌಚಾಲಯ 'ಇದೆ'. ಕಡತಕ್ಕೆ ಕಾಣದ ಬೀಗ ಅವಳಿಗೆ ದಿನವೂ ಕಾಣುತ್ತದೆ. ದೊಡ್ಡ ಹುಡುಗಿಯರು ಶಾಲೆ ತಪ್ಪಿಸುವುದಕ್ಕೆ ಅಷ್ಟು ಸಾಕು.

ಇನ್ನೊಂದು ಸಭೆಯಲ್ಲಿ ಹುಡುಗನೊಬ್ಬ, "ಅರ್ಧ ಮಂದಿ ಹತ್ತಿ ಬಿಡ್ಸಾಕ ಹೋಗ್ಯಾರ್ರಿ" ಎಂದ. ಎಲ್ಲರೂ ನಕ್ಕರು. ಅದು ನಗುವ ಮಾತಲ್ಲ. ಈ ಸಭೆಗಳು ಹೆಚ್ಚಾಗಿ ನಡೆಯುವುದು ನವೆಂಬರ್ ಸುಮಾರಿಗೆ, ಹತ್ತಿ ಬಿಡಿಸುವ ಕಾಲದಲ್ಲಿ. ಹೊಲಕ್ಕೆ ಹೋದ ಮಗು, ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದ ಮಗು ಸಭೆಯಲ್ಲಿ ಇರುವುದಿಲ್ಲ. ಯಾರ ಮಾತು ಮೊದಲು ಕೇಳಬೇಕೋ ಅವರೇ ಗೈರು. ಊರಿನ ಬೆಳೆ, ಕೂಲಿ ನೋಡಿಕೊಂಡು ದಿನ ಗೊತ್ತುಮಾಡುವುದು ಕಷ್ಟವೇನಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಮಕ್ಕಳ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮುಂದೇನಾಯಿತೆಂದು ತಿರುಗಿ ಹೇಳುವವರು ಅಪರೂಪ. ಹಣವಿಲ್ಲದಿದ್ದರೆ ಇಲ್ಲವೆಂದು ಹೇಳಿದರೂ ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ. ಮೌನವನ್ನು ಮಾತ್ರ ಅವರು ಮರೆಯುವುದಿಲ್ಲ; ಮರುವರ್ಷ ಕೈ ಎತ್ತುವುದನ್ನೇ ಬಿಡುತ್ತಾರೆ. ಆದ್ದರಿಂದ ಪ್ರತಿ ಮಕ್ಕಳ ಗ್ರಾಮಸಭೆಯೂ ಸ್ವಾಗತ ಭಾಷಣದ ಬದಲು ಹಿಂದಿನ ವರ್ಷದ ಪಟ್ಟಿ ಓದುವುದರಿಂದ ಶುರುವಾಗಲಿ: ಇದು ಆಯಿತು, ಇದು ಆಗಲಿಲ್ಲ, ಕಾರಣ ಇದು. ಪಂಚಾಯತಿಗೆ ಇದರಿಂದ ಒಂದು ಪೈಸೆಯೂ ಖರ್ಚಿಲ್ಲ.