ಕಿವಿ ಕೇಳದ ಇಂಜಿನ್

ಕಳೆದ ಮಳೆಗಾಲದಲ್ಲಿ ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಆಮೇಲೆ ಡೊಂಬಿವಲಿಯಿಂದ ವಾಶಿಗೆ ಆಗಾಗ ತಪಾಸಣೆಗೆ ಹೋಗಬೇಕಿತ್ತು. ಠಾಣೆಯ ಜನಜಂಗುಳಿಯಲ್ಲಿ ಇಳಿದು ಇನ್ನೊಂದು ಲೋಕಲ್ ಹತ್ತುವುದು ಅವಳಿಂದಾಗದ ಮಾತು. ಹಾಗಾಗಿ ಕಾರೇ ಗತಿ. ನಮ್ಮದು ಒಂದು ಲೀಟರಿನ ಟರ್ಬೋ ಪೆಟ್ರೋಲ್ ಗಾಡಿ. ನಾಲ್ಕು ವರ್ಷದಲ್ಲಿ ಎಷ್ಟು ಸಲ ಊರಿಗೆ ಹೋಗಿ ಬಂದರೂ ತಕರಾರು ಮಾಡಿದ್ದಿಲ್ಲ.

ಆ ದಿನ ಕಲ್ಯಾಣ್-ಶಿಳ್ ರಸ್ತೆಯಲ್ಲಿ, ನಿಳಜೆಯ ರೈಲ್ವೆ ಸೇತುವೆ ಏರುವಾಗ ಹಳದಿ ಇಂಜಿನ್ ದೀಪ ಹೊತ್ತಿಕೊಂಡಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿಗೆ ಎಳೆತವೇ ಇಲ್ಲ. ಬೆನ್ನಿಗೇ ಕಂಟೇನರ್ ಲಾರಿ, ಅದರ ಹಾರ್ನ್ ಬೇರೆ. ಎರಡನೇ ಗೇರಿನಲ್ಲಿ ತೆವಳುತ್ತ ಹೇಗೋ ದಾಟಿದೆ.

"ಎಂತಾಯ್ತು ಮಗಾ?" ಎಂದಳು ಅಮ್ಮ.

"ಏನಿಲ್ಲಮ್ಮ, ಟ್ರಾಫಿಕ್" ಎಂದೆ. ಅಂಗೈ ಬೆವರಿತ್ತು.

ಮರುದಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದಾಗ ಬಂದ ಕೋಡ್ ಪಿ0327. ಅಂದರೆ ನಾಕ್ ಸೆನ್ಸರಿನಿಂದ ಬರುವ ಸಿಗ್ನಲ್ ಕಡಿಮೆ. ಹೊಸ ಸೆನ್ಸರ್ ಹಾಕಿ ಕಳಿಸಿದರು. ಹತ್ತೇ ದಿನಕ್ಕೆ ಮತ್ತೆ ಅದೇ ದೀಪ, ಅದೇ ಸುಸ್ತು. ಈ ಸಲ ಅವರ ವರಸೆ ಬದಲಾಗಿತ್ತು: "ಸೆನ್ಸರ್ ಹೊಸದಿದೆ, ಹಾಗಾದರೆ ಟರ್ಬೋನೇ ಹೋಗಿರಬೇಕು. 80 ಸಾವಿರ ಆಗುತ್ತೆ." ಅಮ್ಮನ ಎಡಗಣ್ಣಿನ ಆಪರೇಷನ್ನಿಗೆಂದು ಎತ್ತಿಟ್ಟಿದ್ದ ಹಣ ಅಷ್ಟೂ ಇರಲಿಲ್ಲ. ಯೋಚಿಸಿ ಹೇಳುತ್ತೇನೆಂದು ಬಂದುಬಿಟ್ಟೆ.

ಆ ರಾತ್ರಿ ಕೂತು ಓದಿ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ. ನಾಕ್ ಸೆನ್ಸರ್ ಎಂದರೆ ಇಂಜಿನ್ನಿನ ಕಿವಿ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಪೀಜೋ ಬಿಲ್ಲೆಯೊಂದು ಅದರೊಳಗಿರುತ್ತದೆ. ಒಂದೇ ಬೋಲ್ಟಿನಿಂದ ಅದನ್ನು ಇಂಜಿನ್ ಬ್ಲಾಕಿಗೆ ಬಿಗಿದಿರುತ್ತಾರೆ. ಸಿಲಿಂಡರಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ತಲುಪುವ ಮೊದಲೇ ಉಳಿದ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿದರೆ ಲೋಹಕ್ಕೆ ಸುತ್ತಿಗೆಯಿಂದ ಬಡಿದಂತಾಗುತ್ತದೆ. ಅದೇ ನಾಕಿಂಗ್. ಟರ್ಬೋ ಗಾಳಿಯನ್ನು ಒತ್ತಿ ತುಂಬುವುದರಿಂದ ಒಳಗೆ ಒತ್ತಡವೂ ಶಾಖವೂ ಹೆಚ್ಚು, ನಾಕಿಂಗಿನ ಭಯವೂ ಹೆಚ್ಚು. ಅತಿಯಾದರೆ ಪಿಸ್ಟನ್ನೇ ಒಡೆಯಬಹುದು. ಸೆನ್ಸರ್ ಆ ಕಂಪನ ಹಿಡಿದು ತಿಳಿಸಿದೊಡನೆ ಇಸಿಯು ಕಿಡಿಯ ಹೊತ್ತನ್ನು ಸ್ವಲ್ಪ ತಡಮಾಡುತ್ತದೆ.

ಕಿವಿಯೇ ಕೇಳದಿದ್ದರೆ? ಇಸಿಯು ಅಪಾಯಕ್ಕೆ ಕೈಹಾಕುವುದಿಲ್ಲ. ಕಿಡಿಯನ್ನು ಮೊದಲೇ ತಡಮಾಡಿ, ಟರ್ಬೋದ ಒತ್ತಡವನ್ನೂ ಇಳಿಸಿಬಿಡಬಹುದು. ನನ್ನ ಗಾಡಿ ಸೇತುವೆಯ ಮೇಲೆ ಸೋತದ್ದು ಹೀಗೆ: ಅದು ಕೆಟ್ಟು ನಿಂತದ್ದಲ್ಲ, ಹೆದರಿ ನಿಧಾನಿಸಿದ್ದು. ನಡುವೆ ನಾನು ದುಬಾರಿ ಪೆಟ್ರೋಲ್ ತುಂಬಿಸಿ ನೋಡಿದ್ದೂ ದಂಡ; ಕೇಳದ ಕಿವಿಗೆ ಒಳ್ಳೆಯ ಪೆಟ್ರೋಲ್ ಬಂದದ್ದೂ ಗೊತ್ತಾಗುವುದಿಲ್ಲ.

ಮಹಾಪೆಯಲ್ಲಿ ಕೆಲಸ ಮಾಡುವ ಗೆಳೆಯ ಕಲ್ಯಾಣದ ಒಬ್ಬ ಮಿಸ್ತ್ರಿಯ ಬಳಿ ಕಳಿಸಿದ. ಸಣ್ಣ ಗ್ಯಾರೇಜು, ಅರವತ್ತರ ಆಸುಪಾಸಿನ ಕಾಕಾ. ಅವರು ಮೊದಲು ವೈರು, ಕನೆಕ್ಟರು ನೋಡಿದರು. ಮಳೆಗಾಲದಲ್ಲಿ ಇಲಿ ವೈರು ಕಡಿಯುವುದು, ಪಿನ್ನಿಗೆ ನೀರಿಳಿಯುವುದು ಇಲ್ಲಿ ಮಾಮೂಲು. ಎಲ್ಲ ಸರಿಯಿತ್ತು. ಆಮೇಲೆ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಕೈ ತೂರಿಸಿ ಸೆನ್ಸರ್ ಬಿಚ್ಚಿದವರು ನಕ್ಕರು. "ಸೆನ್ಸರ್ ನವೀನ್ ಆಹೇ, ಪಣ ಚುಕೀಚಾ ಬಸವಲಾಯ್." ಸೆನ್ಸರ್ ಹೊಸದೇ, ಕೂರಿಸಿದ್ದು ತಪ್ಪು.

ಸೆನ್ಸರಿಗೂ ಬ್ಲಾಕಿಗೂ ನಡುವೆ ಯಾರೋ ಒಂದು ವಾಷರ್ ಸೇರಿಸಿದ್ದರು. ಕೆಳಗಿನ ತುಕ್ಕು ಒರೆಸಿರಲಿಲ್ಲ. ಬೋಲ್ಟನ್ನು ತೋಳಿನ ಅಂದಾಜಿಗೆ ಬಿಗಿದಿದ್ದರು. ಈ ಸೆನ್ಸರ್ ಸ್ವಚ್ಛವಾದ ಲೋಹಕ್ಕೆ ನೇರವಾಗಿ ತಾಗಿ ಕೂರಬೇಕು, ನಡುವೆ ಏನೂ ಇರಕೂಡದು. ಬಿಗಿತವೂ ಲೆಕ್ಕದ್ದೇ, ನನ್ನ ಗಾಡಿಗೆ 20 ನ್ಯೂಟನ್ ಮೀಟರ್. ಹೆಚ್ಚಾದರೂ ಕಡಿಮೆಯಾದರೂ ಅದು ಕೇಳಿಸಿಕೊಳ್ಳುವುದೇ ಬೇರೆಯಾಗುತ್ತದೆ. ಕಾಕಾ ಜಾಗ ಉಜ್ಜಿ ಒರೆಸಿ, ವಾಷರ್ ಬಿಸಾಕಿ, ಟಾರ್ಕ್ ಪಾನಾ ತಂದು 'ಟಕ್' ಎನ್ನುವವರೆಗೆ ತಿರುಗಿಸಿ ನಿಲ್ಲಿಸಿದರು. ಕೋಡ್ ಅಳಿಸಿದರು. ಮಜೂರಿ 600 ರೂಪಾಯಿ.

ನನಗೆ ಇನ್ನೂ ನಂಬಿಕೆಯಿರಲಿಲ್ಲ. ಭಾನುವಾರ ಒಬ್ಬನೇ ಠಾಣೆಗೆ ಹೋಗಿ, ಘೋಡ್‌ಬಂದರ್ ರಸ್ತೆಯ ಗಾಯ್‌ಮುಖ್ ಘಾಟ್ ಹತ್ತಿಸಿದೆ. ಗಾಡಿ ಮೊದಲಿನಂತೆಯೇ ಎಳೆಯಿತು. ಮುಂದಿನ ವಾರ ಅಮ್ಮನನ್ನು ಕೂರಿಸಿಕೊಂಡು ನಿಳಜೆಯ ಸೇತುವೆ ಏರಿದಾಗ ಕನ್ನಡಿಯಲ್ಲಿ ಲಾರಿಯನ್ನು ಹುಡುಕುವ ಅಭ್ಯಾಸ ಮಾತ್ರ ಉಳಿದಿತ್ತು. ದೀಪಾವಳಿ ಕಳೆದ ಮೇಲೆ ಅವಳ ಎಡಗಣ್ಣಿನದೂ ಆಯಿತು.

ನಿಮ್ಮ ಗಾಡಿಯಲ್ಲೂ ಆ ಹಳದಿ ದೀಪ ಹೊತ್ತಿದರೆ ಕೋಡ್ ಬರೆದಿಟ್ಟುಕೊಳ್ಳಿ. ಅದು ಎಲ್ಲಿ ತೊಂದರೆ ಕಾಣಿಸಿತೆಂದು ಹೇಳುತ್ತದೆ, ಯಾವ ಭಾಗ ಕೊಳ್ಳಬೇಕೆಂದಲ್ಲ. ವೈರು ನೋಡಿದಿರಾ, ತುಕ್ಕು ಒರೆಸಿದಿರಾ, ಎಷ್ಟು ಬಿಗಿದಿರಿ ಎಂದು ಕೇಳಿ. ಉತ್ತರ ಬರದಿದ್ದರೆ ಬಿಲ್ ಕೊಡುವ ಮೊದಲು ಇನ್ನೊಬ್ಬ ಮಿಸ್ತ್ರಿಯನ್ನು ಕಾಣಿ.