ಗಂಡು ಮರಿ ಇದ್ರೆ ಕೊಡಿ

"ಅಣ್ಣ, ಗಂಡು ಮರಿ ಇದ್ರೆ ಒಂದು ಕೊಡಿ, ಹೆಣ್ಣು ಬ್ಯಾಡ." ಸೋಲೂರಿನಲ್ಲಿ ನಮ್ಮ ನಾಯಿ ಆಶ್ರಯತಾಣದ ಗೇಟಿನ ಮುಂದೆ ನಿಂತವರ ಮೊದಲ ಮಾತು ಹೆಚ್ಚಾಗಿ ಇದೇ. ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡಿಯಿರಿ ಅನ್ನುತ್ತೇನೆ. ಮರಿ ತೋರಿಸುವುದು ಆಮೇಲೆ.

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ನೆಲಮಂಗಲ ದಾಟಿದರೆ ನಾವು, ನಮ್ಮನ್ನು ದಾಟಿದರೆ ಕುಣಿಗಲ್. ಊರಿಗೆ ಈ ರಸ್ತೆ ಏನೇನೋ ತಂದಿದೆ. ನನಗೆ ತಂದದ್ದು ನಾಯಿಗಳನ್ನು. ರಾತ್ರಿ ಕಾರು ನಿಲ್ಲುತ್ತದೆ, ಬಾಗಿಲು ತೆರೆದು ಮುಚ್ಚುತ್ತದೆ. ಬೆಳಿಗ್ಗೆ ನೋಡಿದರೆ ಕುತ್ತಿಗೆಯಲ್ಲಿ ಬೆಲ್ಟ್ ಇರುವ ಲ್ಯಾಬ್ರಡಾರ್ ಒಂದು, ಇಳಿಸಿದ ಜಾಗ ಬಿಟ್ಟು ಹೋಗದೆ, ಬರುವ ಕಾರುಗಳ ಹಿಂದೆಲ್ಲ ಓಡುತ್ತಿರುತ್ತದೆ. ಬೀದಿಯಲ್ಲಿ ಹುಟ್ಟಿದ ನಾಯಿಗೆ ರಸ್ತೆ ದಾಟಲು ಗೊತ್ತು. ಸೋಫಾದ ಮೇಲೆ ಬೆಳೆದದ್ದಕ್ಕೆ ಗೊತ್ತಿಲ್ಲ. ಲಾರಿ ಬರುವುದರೊಳಗೆ ನಾವು ಮುಟ್ಟಬೇಕು.

ನಾಯಿಗೆ ಮರ್ಯಾದೆ ಕೊಟ್ಟ ಸೀಮೆ ನಮ್ಮದು. ಚನ್ನಪಟ್ಟಣದ ಅಗ್ರಹಾರ ವಳಗೆರೆಹಳ್ಳಿಯಲ್ಲಿ, ಕೆಂಪಮ್ಮನ ಗುಡಿ ಇರುವ ಊರಲ್ಲೇ, ನಾಯಿಗಳಿಗೂ ಒಂದು ಗುಡಿ ಇದೆ, 2010ರಲ್ಲಿ ಕಟ್ಟಿದ್ದು. ಅಲ್ಲಿಂದಾಚೆ ಮದ್ದೂರು ತಾಲ್ಲೂಕಿನ ಆತಕೂರು. ತಕ್ಕೋಲದ ಕಾಳಗದಲ್ಲಿ ಚೋಳರ ಮೇಲೆ ಕಾದಿದ ಮಣಲೆರನಿಗೆ ದೊರೆ ಏನು ಬೇಕೋ ಕೇಳು ಅಂದರೆ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಯಾವುದೋ ಒಂದು ನಾಯಿಯನ್ನಲ್ಲ, ಕಾಳಿಯನ್ನೇ. ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ ಅದರ ಪೂಜೆಗೆ ಭೂಮಿ ಬಿಟ್ಟ. ಕ್ರಿ.ಶ. 950ರ ಸುಮಾರಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಷ್ಟು ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು. ನಿನ್ನೆ ರಾತ್ರಿ ಹೆದ್ದಾರಿಯಲ್ಲಿ ಇಳಿಸಿ ಹೋದ ನಾಯಿಯ ಹೆಸರು ಗೊತ್ತಿಲ್ಲ. ರಾಜು, ಟಾಮಿ, ಬ್ರೂನೋ ಎಂದು ಒಂದೊಂದೇ ಕರೆದು, ಕಿವಿ ಯಾವುದಕ್ಕೆ ನಿಮಿರುತ್ತದೆ ಎಂದು ನೋಡುತ್ತೇವೆ.

ಗಂಡು ಮರಿಯ ವಿಷಯಕ್ಕೆ ಬರುತ್ತೇನೆ. ಹೆಣ್ಣು ಬೇಡ ಎನ್ನುವುದಕ್ಕೆ ಕಾರಣ ಮರಿ ಹಾಕುವ ಭಯ. ಗಬ್ಬವಾದ ಎರಡೇ ತಿಂಗಳಿಗೆ ಮನೆ ತುಂಬ ಮರಿ. ಈ ಭಯಕ್ಕೆ ಪರಿಹಾರ ಇದೆ. ಸಂತಾನಹರಣ ಚಿಕಿತ್ಸೆ ಮಾಡಿಸಿಯೇ ದೊಡ್ಡ ನಾಯಿಗಳನ್ನು ಕೊಡುತ್ತೇವೆ. ಮರಿಗಳಾದರೆ ಸುಮಾರು ಆರು ತಿಂಗಳಾದ ಮೇಲೆ ಮಾಡಿಸುತ್ತೇವೆಂದು ಬರೆಸಿಕೊಳ್ಳುತ್ತೇವೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷ ವರ್ಷವೂ ತಪ್ಪದೆ. ಇಷ್ಟು ಕೇಳಿದ ಮೇಲೂ ಹೆಣ್ಣು ಬೇಡ ಎಂದವರು ಕಡಿಮೆ.

ನಾಯಿಯನ್ನು ಹಿಡಿದು ತರುವುದು ಸುಲಭ. ಬಂದವರಿಗೆ ಇಲ್ಲ ಅನ್ನುವುದು ಕಷ್ಟ. ಒಬ್ಬರಿಗೆ ತೋಟದ ಕಾವಲಿಗೆ ನಾಯಿ ಬೇಕಿತ್ತು. ಅವರು ಬರುವುದು ಭಾನುವಾರ ಮಾತ್ರ. ಮಿಕ್ಕ ಆರು ದಿನ ಸರಪಳಿ. ಮಾಗಡಿ ಕಡೆಯ ಗುಡ್ಡಗಳಲ್ಲಿ ಚಿರತೆ ಇದೆ. ಕಟ್ಟಿಹಾಕಿದ ನಾಯಿ ಓಡಲೂ ಆಗದು. ಕೊಡುವುದಿಲ್ಲ ಎಂದೆ. ಸಿಟ್ಟು ಮಾಡಿಕೊಂಡು ಹೋದರು. ಹೋಗಲಿ.

ಬಾಡಿಗೆ ಮನೆಯವರಾದರೆ ಮಾಲೀಕರ ಒಪ್ಪಿಗೆ ಕೇಳುತ್ತೇನೆ. ಮನೆಮಂದಿಯೆಲ್ಲ ಒಪ್ಪಿದ್ದಾರಾ ಎಂದೂ ಕೇಳುತ್ತೇನೆ. ಒಬ್ಬ ಹೆಣ್ಣುಮಗಳು "ಅತ್ತೆ ಒಪ್ಪಲ್ಲ, ಆಮೇಲೆ ಸರಿಹೋಯ್ತಾರೆ" ಅಂದಳು. ಅತ್ತೆಯನ್ನೇ ಕರೆದುಕೊಂಡು ಬಾಮ್ಮ ಎಂದು ಕಳಿಸಿದೆ. ವಾರ ಬಿಟ್ಟು ಅಜ್ಜಿ ಬಂದರು. ಸುತ್ತ ನೋಡಿ ಕೇಳಿದ್ದು ಒಂದೇ: "ಮುದ್ದೆ ತಿಂತದಾ?" ತಿನ್ನುತ್ತೆ ಅಂದೆ. ಮೂಲೆಯಲ್ಲಿ ಮಲಗಿದ್ದ, ಕಜ್ಜಿ ವಾಸಿಯಾಗಿ ಆಗಷ್ಟೇ ಕೂದಲು ಬರುತ್ತಿದ್ದ ಕಂತ್ರಿ ಹೆಣ್ಣು ನಾಯಿಯನ್ನು ಅವರೇ ಆರಿಸಿದರು. ಅದು ಈಗ ಅಜ್ಜಿಯ ಮಂಚದ ಕೆಳಗೆ ಮಲಗುತ್ತದೆ. ಸೊಸೆ ಕರೆದರೆ ಬರುವುದಿಲ್ಲವಂತೆ.

ನಾಯಿ ಸಾಕಿ, ಇನ್ನು ಆಗುವುದಿಲ್ಲ ಎನ್ನುವವರಿಗೆ ನನ್ನದೊಂದು ಬೇಡಿಕೆ. ರಾತ್ರಿ ಹೆದ್ದಾರಿಯಲ್ಲಿ ಇಳಿಸಬೇಡಿ. ಹಗಲಲ್ಲೇ ಬಂದು ಗೇಟು ಬಡಿಯಿರಿ, ಬಯ್ಯುವುದಿಲ್ಲ. ಲಸಿಕೆಯ ಚೀಟಿ ಕೊಡಿ, ಅದರ ಹೆಸರೇನೆಂದು ಹೇಳಿ ಹೋಗಿ.